ಸಭೆಯಲ್ಲಿ ಮಾತೂ ಮತವೂ

ನಮ್ಮ ಶಾಲೆಯಲ್ಲಿ ವಾರಕ್ಕೊಮ್ಮೆ ನಡೆಯುವ ಚರ್ಚಾಕೂಟದ ವಿಷಯವಾಗಿ ಕೆಲವು ಮಂದಿ ಪೋಷಕರು ಈಚೆಗೆ ನಮ್ಮೊಡನೆ ಪ್ರಸ್ತಾಪಿಸಿರುವುದುಂಟು. ಆ ಒಂದು ಗಂಟೆಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಟ್ಟರೆ ಪರೀಕ್ಷೆಯಲ್ಲಿ ನಾಲ್ಕು ಅಂಕಗಳು ಹೆಚ್ಚು ಬಾರವೆ ಎಂಬುದು ಅವರ ಪ್ರಶ್ನೆ. ಮನೆಯಲ್ಲಿ ಎದುರು ಮಾತನಾಡುವುದನ್ನು ಹುಡುಗಿಯರು ಇಲ್ಲಿಯೇ ಕಲಿಯುತ್ತಾರೆಂದು ನಗುತ್ತ ಹೇಳಿದ ತಾಯಂದಿರೂ ಇದ್ದಾರೆ. ಮಕ್ಕಳ ಹಿತವನ್ನು ಬಯಸುವವರಿಂದಲೇ ಬಂದ ಪ್ರಶ್ನೆಯಾದಕಾರಣ, ಈ ಸಂಚಿಕೆಯ ಮೂಲಕ ಅದಕ್ಕೆ ಉತ್ತರ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ಉತ್ತರವನ್ನು ದೂರದೇಶದ ಒಂದು ಸಭೆಯ ವೃತ್ತಾಂತದಿಂದ ಆರಂಭಿಸುತ್ತೇವೆ. ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ತಾಳ್ಮೆಯಿಂದ ಓದಬೇಕಾಗಿ ಬೇಡುತ್ತೇವೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಭಾಗದಲ್ಲಿ ವಯೋಮಿಂಗ್ ಎಂಬ ಸೀಮೆಯುಂಟು. 1890ಕ್ಕೆ ಮೊದಲು ಅದು ಪೂರ್ಣ ಸಂಸ್ಥಾನವಾಗಿರದೆ, ಕೇಂದ್ರ ಸರ್ಕಾರದ ಅಧೀನದಲ್ಲಿದ್ದ ಪ್ರಾಂತವಾಗಿತ್ತು. 1869ನೆಯ ಡಿಸೆಂಬರ್ 10ರಂದು ಅಲ್ಲಿ ಜಾರಿಗೆ ಬಂದ ಶಾಸನವು ಇಪ್ಪತ್ತೊಂದು ವರ್ಷ ತುಂಬಿದ ಸ್ತ್ರೀಯರಿಗೆ ಮತದಾನದ ಹಕ್ಕನ್ನೂ ಅಧಿಕಾರಸ್ಥಾನವನ್ನು ವಹಿಸುವ ಹಕ್ಕನ್ನೂ ಕೊಟ್ಟಿತು. ಎರಡೇ ವರ್ಷಗಳಲ್ಲಿ, 1871ರಲ್ಲಿ, ಅಲ್ಲಿಯ ಶಾಸನಸಭೆಯು ಕೊಟ್ಟುದನ್ನು ಹಿಂದಕ್ಕೆ ಪಡೆಯಲು ಯತ್ನಿಸಿತು. ಗವರ್ನರು ಮಸೂದೆಗೆ ಒಪ್ಪಿಗೆ ಕೊಡಲಿಲ್ಲ. ಅವರ ನಿರಾಕರಣೆಯನ್ನು ಮೀರಲು ಮೇಲ್ಮನೆಯಲ್ಲಿ ಒಂದು ಮತ ಸಾಲದೆ ಹೋಯಿತು. ಒಬ್ಬ ಸದಸ್ಯನು ಆ ದಿನ ಮನಸ್ಸು ಬದಲಿಸಿದ್ದರೆ ಹಕ್ಕು ಅಲ್ಲಿಗೇ ಮುಗಿಯುತ್ತಿತ್ತು.

ಬಳಿಕ 1889ನೆಯ ಸೆಪ್ಟೆಂಬರ್ ತಿಂಗಳಲ್ಲಿ, ಸಂಸ್ಥಾನದ ಪದವಿಯನ್ನು ಪಡೆಯುವುದಕ್ಕೋಸ್ಕರ, ಷೈಯೆನ್ ನಗರದಲ್ಲಿ ರಾಜ್ಯಾಂಗ ರಚನಾ ಸಭೆ ಕೂಡಿತು. ಭಾಗವಹಿಸಿದ 49 ಮಂದಿ ಪ್ರತಿನಿಧಿಗಳೂ ಪುರುಷರೇ. ನೀರಿನ ಹಕ್ಕು, ತೆರಿಗೆ, ನ್ಯಾಯಸ್ಥಾನ ಮುಂತಾದ ಅನೇಕ ವಿಷಯಗಳನ್ನು ಅವರು ಒಂದು ತಿಂಗಳೊಳಗೆ ಚರ್ಚಿಸಿ ಮುಗಿಸಿದರು. ಸ್ತ್ರೀಯರ ಮತಹಕ್ಕಿನ ವಿಧಿ ಬಂದಾಗ ಕ್ಯಾಂಬೆಲ್ ಎಂಬ ಪ್ರತಿನಿಧಿ ಎದ್ದು, ಈ ಒಂದು ವಿಧಿಯನ್ನು ರಾಜ್ಯಾಂಗದಿಂದ ಬೇರ್ಪಡಿಸಿ, ಪ್ರತ್ಯೇಕ ಪ್ರಶ್ನೆಯಾಗಿ ಜನರ ಮುಂದಿಡಬೇಕೆಂದು ಸೂಚನೆ ಮಾಡಿದನು.

ಮೇಲೆ ನೋಡಿದರೆ ಇದು ಎಷ್ಟು ಸೌಮ್ಯವಾದ ಸೂಚನೆ! ಹಕ್ಕನ್ನು ಕಿತ್ತುಕೊಳ್ಳಿರೆಂದು ಅದು ಹೇಳುವುದಿಲ್ಲ. ಜನರನ್ನು ಕೇಳೋಣವೆಂದಷ್ಟೇ ಹೇಳುತ್ತದೆ. ಆದರೆ ಚರ್ಚೆಯ ಅಭ್ಯಾಸವಿರುವ ಹುಡುಗಿ ಕೂಡಲೇ ಒಂದು ಪ್ರಶ್ನೆಯನ್ನು ಕೇಳಿಯಾಳು: ಪುರುಷರ ಮತಹಕ್ಕನ್ನೂ ಹೀಗೆಯೇ ಬೇರೆ ಚೀಟಿಯಲ್ಲಿ ಜನರ ಮುಂದಿಡುವಿರಾ? ಇಲ್ಲವೆಂದಾದರೆ, ಇಪ್ಪತ್ತು ವರ್ಷ ಅನುಭವಿಸಿಕೊಂಡು ಬಂದ ಹಕ್ಕನ್ನು ಒಂದು ಪಕ್ಷದವರಿಗೆ ಮಾತ್ರ ಮತ್ತೆ ತಕ್ಕಡಿಗೆ ಹಾಕುವುದು ಯಾವ ನ್ಯಾಯ? ಅನ್ಯಾಯವು ಗದ್ದಲ ಮಾಡುತ್ತ ಬಂದರೆ ಯಾರಾದರೂ ಗುರುತಿಸುವರು. ವಿನಯದ ಮಾತಿನಲ್ಲಿ ಬಂದಾಗ ಗುರುತಿಸುವುದಕ್ಕೆ ಶಿಕ್ಷಣ ಬೇಕು. ನಮ್ಮ ಚರ್ಚಾಕೂಟವು ಕಲಿಸಬೇಕೆಂದಿರುವುದು ಇದನ್ನೇ.

ಷೈಯೆನ್ ಸಭೆಯಲ್ಲಿ ಈ ನ್ಯಾಯವನ್ನು ಎತ್ತಿಹಿಡಿದವರಿದ್ದರು. ಹಿಂದೆ ಗವರ್ನರುಗಳಾಗಿದ್ದ ಹಾಯ್ಟ್, ಬ್ಯಾಕ್ಸ್‌ಟರ್ ಎಂಬವರು ಸ್ತ್ರೀಯರ ಪಕ್ಷವಾಗಿ ಮಾತನಾಡಿದರು. ಮತಗಳನ್ನು ಎಣಿಸಿದಾಗ ಕ್ಯಾಂಬೆಲನ ಸೂಚನೆಗೆ 8, ವಿರುದ್ಧವಾಗಿ 20 ಬಂದುವು. 1889ನೆಯ ನವೆಂಬರ್ 5ರಂದು ಮತದಾರರು ರಾಜ್ಯಾಂಗವನ್ನು 6,272ಕ್ಕೆ 1,923ರಂತೆ ಅಂಗೀಕರಿಸಿದರು. ವಾಷಿಂಗ್‌ಟನ್ನಿನ ಕೆಳಮನೆಯಲ್ಲಿಯೂ ಈ ವಿಧಿಯ ಮೇಲೆ ಆಕ್ಷೇಪಗಳೆದ್ದುವು. ಆದರೂ ಮಸೂದೆ 127ಕ್ಕೆ ವಿರುದ್ಧವಾಗಿ 139 ಮತಗಳಿಂದ ಗೆದ್ದಿತು. 1890ನೆಯ ಜುಲೈ 10ರಂದು ವಯೋಮಿಂಗ್ ಸ್ತ್ರೀಯರ ಮತಹಕ್ಕಿನೊಡನೆಯೇ ಸಂಸ್ಥಾನವಾಯಿತು.

ಇಲ್ಲಿ ಎರಡು ಸಂಗತಿಗಳನ್ನು ನಾವು ಗಮನಿಸಬೇಕು. ಮೊದಲನೆಯದು, 49 ಮಂದಿಯಲ್ಲಿ ಆ ಎಣಿಕೆಗೆ ಸಿಕ್ಕಿದವರು 28 ಮಂದಿ ಮಾತ್ರ. ಉಳಿದವರು ಏನೆಂದುಕೊಂಡಿದ್ದರೋ, ಅದರಿಂದ ತೀರ್ಮಾನವು ಕೂದಲೆಳೆಯಷ್ಟೂ ಅತ್ತಿತ್ತ ಆಗಲಿಲ್ಲ. ಎರಡನೆಯದು, ಯಾರ ಹಕ್ಕು ತಕ್ಕಡಿಯಲ್ಲಿತ್ತೋ ಅವರಲ್ಲಿ ಒಬ್ಬರೂ ಪ್ರತಿನಿಧಿಗಳ ಸಾಲಿನಲ್ಲಿರಲಿಲ್ಲ. ಅವರ ಪರವಾಗಿ ಸಜ್ಜನರು ಮಾತನಾಡಿದರು, ಸಂತೋಷ. ಆದರೆ ಎಲ್ಲ ಸಭೆಗಳಲ್ಲಿಯೂ ಸಜ್ಜನರು ಇಪ್ಪತ್ತು ಮಂದಿ ಇದ್ದೇ ಇರುವರೆಂದು ನಂಬಿ ಕುಳಿತಿರಬಹುದೆ?

ವೇದಪಾಠದಲ್ಲಿ ನಮ್ಮ ಮಕ್ಕಳು ಚಲ್ಪಹಾದನ ಹೆಣ್ಣುಮಕ್ಕಳ ವೃತ್ತಾಂತವನ್ನು ಓದಿದ್ದಾರೆ. ಅರಣ್ಯಕಾಂಡದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಆ ಐವರು ಸಹೋದರಿಯರು ಮೋಶೆಯ ಮುಂದೆಯೂ ಸರ್ವಸಭೆಯ ಮುಂದೆಯೂ ನಿಂತು, ತಂದೆಯ ಸ್ವಾಸ್ತ್ಯದಲ್ಲಿ ತಮ್ಮ ಪಾಲನ್ನು ತಾವೇ ಕೇಳಿದರು. ಕೂಗಾಡಲಿಲ್ಲ, ಅಳಲಿಲ್ಲ, ಕಾರಣವನ್ನು ಹೇಳಿದರು. ಅವರ ಮಾತು ನ್ಯಾಯವೆಂದು ದೇವರೇ ನುಡಿದನು, ನಿಯಮವು ಬದಲಾಯಿತು. ಐವರ ಹೆಸರುಗಳೂ ಗ್ರಂಥದಲ್ಲಿ ಉಳಿದುವು. ಇದನ್ನು ಎದುರು ಮಾತೆಂದು ಯಾವ ತಾಯಿ ಹೇಳುವಳು?

ನಮ್ಮ ದೇಶವು ಈ ವಿಷಯದಲ್ಲಿ ಷೈಯೆನ್ನಿಗಿಂತ ಮುಂದಕ್ಕೆ ಹೋಯಿತೆಂದು ಹೆಮ್ಮೆಯಿಂದ ಹೇಳಬಹುದು. 1946ರಿಂದ 1949ರವರೆಗೆ ನಡೆದ ಭಾರತ ಸಂವಿಧಾನ ಸಭೆಯಲ್ಲಿ ಹದಿನೈದು ಮಂದಿ ಸ್ತ್ರೀಯರಿದ್ದರು. ಹಂಸಾ ಮೆಹತಾ, ದಾಕ್ಷಾಯಣಿ ವೇಲಾಯುಧನ್, ರಾಜಕುಮಾರಿ ಅಮೃತ್ ಕೌರ್, ತಿರುವಾಂಕೂರಿನ ಆನಿ ಮಸ್ಕರೀನ್ ಮೊದಲಾದವರನ್ನು ನಮ್ಮ ಹುಡುಗಿಯರು ಹೆಸರು ಹಿಡಿದು ಅರಿತಿರಬೇಕು. ಇನ್ನೊಂದು ಭೇದವೂ ಉಂಟು. ವಯೋಮಿಂಗಿನ ಸಭೆಯು ರಾಜ್ಯಾಂಗವನ್ನು ಓದಲು ಬಾರದವರಿಗೆ ಮತವಿಲ್ಲವೆಂಬ ವಿಧಿಯನ್ನೂ ಸೇರಿಸಿತ್ತು. ಪಾಠಶಾಲೆ ನಡೆಸುವ ನಮಗೆ ಅದು ಮೊದಲು ಹಿತವೆನಿಸಬಹುದು. ಆದರೆ 1951ನೆಯ ಜನಗಣತಿಯಲ್ಲಿ ಓದು ಬರಹ ಬಲ್ಲ ಸ್ತ್ರೀಯರು ನಮ್ಮ ದೇಶದಲ್ಲಿ ನೂರಕ್ಕೆ ಒಂಬತ್ತು ಮಂದಿಯೂ ಇರಲಿಲ್ಲ. ಅಂಥ ಬೀಗವನ್ನು ಇಲ್ಲಿ ಹಾಕಿದ್ದರೆ ನಮ್ಮ ಅಜ್ಜಿಯರು ಬಾಗಿಲ ಹೊರಗೇ ನಿಲ್ಲಬೇಕಾಗಿತ್ತು. ಮತವನ್ನು ಮೊದಲು ಕೊಟ್ಟು, ಅಕ್ಷರವನ್ನು ಕಲಿಸುವ ಭಾರವನ್ನು ದೇಶದ ಮೇಲೆ ಹೊರಿಸಿದುದೇ ಸರಿಯಾದ ಕ್ರಮವೆಂದು ನಮ್ಮ ದೃಢವಾದ ಅಭಿಪ್ರಾಯ.

ಆದರೂ ಹಕ್ಕು ಕಾಗದದಲ್ಲಿದ್ದ ಮಾತ್ರಕ್ಕೆ ಸಾಲದು. 1951–52ರ ಮೊದಲ ಮಹಾಚುನಾವಣೆಯ ಪಟ್ಟಿಯಿಂದ ಸುಮಾರು 28 ಲಕ್ಷ ಸ್ತ್ರೀಯರನ್ನು ಕೈಬಿಡಬೇಕಾಯಿತು; ಯಾತಕ್ಕೆಂದರೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಲ್ಲದೆ ಅವರ ಸ್ವಂತ ಹೆಸರು ಬರೆಸಲ್ಪಟ್ಟಿರಲಿಲ್ಲ. ಈಗ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಹಾಗಿದ್ದರೂ ಹೆಂಡತಿ ರುಜು ಹಾಕಿ ಗಂಡ ಮಾತನಾಡುವ ಸಭೆಗಳು ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರಾರು? ಸ್ಥಾನವನ್ನು ಕಾನೂನು ಕೊಡಬಲ್ಲದು. ಎದ್ದು ನಿಂತು ಮಾತನಾಡುವ ಧೈರ್ಯವನ್ನು ಮನೆ ಮತ್ತು ಶಾಲೆಗಳೇ ಕೊಡಬೇಕು.

ಆದಕಾರಣ ಚರ್ಚಾಕೂಟದ ಗಂಟೆಯನ್ನು ನಾವು ಬಿಟ್ಟುಕೊಡಲಾರೆವು. ಅಲ್ಲಿ ಹುಡುಗಿಯರು ಎದುರು ಪಕ್ಷದವಳ ಮಾತು ಮುಗಿಯುವ ತನಕ ಸುಮ್ಮನಿರುವುದನ್ನು ಕಲಿಯುತ್ತಾರೆ. ಸೋತಾಗ ಎಣಿಕೆಗೆ ತಲೆಬಾಗುವುದನ್ನೂ, ಗೆದ್ದಾಗ ಸೋತವಳನ್ನು ಹೀಯಾಳಿಸದಿರುವುದನ್ನೂ ಕಲಿಯುತ್ತಾರೆ. ಇದು ಮನೆಯ ಮರ್ಯಾದೆಗೆ ಭಂಗವಲ್ಲ, ಭೂಷಣ. ಪೋಷಕರಲ್ಲಿ ನಮ್ಮ ಬೇಡಿಕೆ ಇಷ್ಟೇ: ಮನೆಯ ವಿಷಯಗಳನ್ನು ತೀರ್ಮಾನಿಸುವಾಗ ಮಗಳ ಅಭಿಪ್ರಾಯವನ್ನೂ ಕಾರಣ ಸಹಿತವಾಗಿ ಕೇಳಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಪಂಚಾಯಿತಿಯಲ್ಲಾಗಲಿ, ಸಭಾಪಾಲನಾ ಸಮಿತಿಯಲ್ಲಾಗಲಿ, ಸಹಕಾರ ಸಂಘದಲ್ಲಾಗಲಿ ಸ್ಥಾನವುಳ್ಳವರು ಮುಂದಿನ ಸಭೆಗೆ ತಪ್ಪದೆ ಹೋಗಿರಿ. ಎಣಿಕೆಯ ಹೊತ್ತಿಗೆ ನಿಮ್ಮ ಮತವೂ ಅಲ್ಲಿರಲಿ.