ಧ್ವನಿವರ್ಧಕಕ್ಕೆ ಎಷ್ಟು ಉಣಿಸಬೇಕು?

ಕಲಾ ವಿಭಾಗದ ವಿದ್ಯಾರ್ಥಿಗೆ ತಂತಿ, ಬೆಸುಗೆಗಳ ಗೊಡವೆ ಏಕೆಂದು ವಾಚಕರು ನಗಬಹುದು. ಸೋದರಮಾವನ ಹಳೆಯ ಕಾರಿಗೆಂದು ಕಳೆದ ರಜೆಯಲ್ಲಿ ನಾನೇ ಒಂದು ಆಂಪ್ಲಿಫೈಯರ್ ಕಟ್ಟಿದೆ. ಟಿಡಿಎ 2003 ಎಂಬ ಐದು ಕಾಲಿನ ಐಸಿ, ಕೆಲವು ಕೆಪಾಸಿಟರುಗಳು, ಶಾಖ ಹೀರಲು ಅಲ್ಯೂಮಿನಿಯಂ ತಗಡು; ಇಷ್ಟೇ ಅದರ ಸಂಸಾರ. ಮೊಬೈಲು ಜೋಡಿಸಿ ಹಾಡು ಹಾಕಿದರೆ ಬಂದದ್ದು ಬರಿಯ ಗೊರಗೊರ. “ಸಾಲದು ಕಣೋ, ಇನ್ನೂ ಹೆಚ್ಚು ವ್ಯಾಟಿನದು ತಾ” ಎಂದರು ಮಾವ. ಅಂಗಡಿಯವನದೂ ಅದೇ ಉಪದೇಶ. ಪರೀಕ್ಷಾ ಶುಲ್ಕಕ್ಕೆಂದು ಇಟ್ಟಿದ್ದ ಹಣದ ಕಡೆಗೆ ನನ್ನ ಕೈಯೂ ಹೋಯಿತೆನ್ನಿ.

ಆದರೆ ಈ ಉಪದೇಶವನ್ನು ನಾನು ಒಪ್ಪಲಾರೆ. ಆ ಐಸಿ ತನಗೆ ಬಂದ ಸಂಕೇತವನ್ನು ಸಾಮಾನ್ಯವಾಗಿ 100 ಪಾಲು ಹಿಗ್ಗಿಸುತ್ತದೆ. 12 ವೋಲ್ಟಿನ ಬ್ಯಾಟರಿಯಿಂದ ಅದು ಹೊರಗೆ ಕೊಡಬಲ್ಲದ್ದು ಸುಮಾರು 4 ವೋಲ್ಟು. ಎಂದರೆ ಒಳಕ್ಕೆ 40 ಮಿಲಿವೋಲ್ಟು ಸಾಕು. ನಾನು ಅರ್ಧ ವೋಲ್ಟನ್ನೇ ಸುರಿದಿದ್ದೆ! ಅಲೆಯ ತಲೆಯೂ ಬುಡವೂ ಕತ್ತರಿಸಿಹೋಗದೆ ಇನ್ನೇನಾದೀತು? ದೊಡ್ಡದನ್ನೇ ತಂದರೂ ಒಳಬರುವುದು ಅಳತೆ ಮೀರಿದರೆ ಅದೇ ಗೊರಗೊರ, ಇನ್ನಷ್ಟು ಗಟ್ಟಿಯಾಗಿ.

10 ಕಿಲೋ ಓಮಿನ ರೆಸಿಸ್ಟರನ್ನು ಸಂಕೇತದ ದಾರಿಯಲ್ಲೂ 1 ಕಿಲೋ ಓಮಿನದನ್ನು ಅಲ್ಲಿಂದ ಅರ್ತ್ ತಂತಿಗೂ ಬೆಸೆದು, ಸಂಕೇತವನ್ನು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಸಿದೆ. ಖರ್ಚು ಕೆಲವೇ ರೂಪಾಯಿ. ಈಗ ಹಾಡಿನ ಹಿಂದಿನ ತಂಬೂರಿಯೂ ಕೇಳುತ್ತದೆ. ಮಾವ ಮಾತ್ರ ಇನ್ನೂ ದೊಡ್ಡದು ಬೇಕೆಂದೇ ಹಟ ಹಿಡಿದಿದ್ದಾರೆ.