ತೆರೆದ ಜೀಪಿಗೆ ಉಕ್ಕಿನ ಕಮಾನು: ರಕ್ಷಣೆಯೋ, ಅಪರಾಧವೋ?

ಗಟ್ಟಿ ಮೇಲ್ಛಾವಣಿಯಿಲ್ಲದ ವಾಹನವೊಂದು ಪಲ್ಟಿಯಾದಾಗ ಒಳಗಿದ್ದವರ ತಲೆಗೂ ನೆಲಕ್ಕೂ ನಡುವೆ ಉಳಿಯುವುದು ಮುಂಗಾಜಿನ ಚೌಕಟ್ಟು ಮಾತ್ರ. ಹಳೆಯ ಜೀಪುಗಳಲ್ಲಿ ಅದೂ ಬಾನೆಟ್ಟಿನ ಮೇಲೆ ಮಡಚಿಕೊಳ್ಳುವಂಥದ್ದು. ವಾಹನದ ಭಾರವನ್ನು ಹೊರಲಾರದು. ಇಂತಹ ಜೀಪುಗಳು ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಇಂದಿಗೂ ಓಡುತ್ತಿವೆ. ಅವುಗಳ ಆಸನದ ಹಿಂದೆ ಉಕ್ಕಿನ ಕೊಳವೆಯ ಕಮಾನನ್ನು, ಅಂದರೆ ರೋಲ್ ಬಾರ್ ಅನ್ನು, ಅಳವಡಿಸಲು ಹೊರಡುವ ಮಾಲೀಕನು ಜೀವರಕ್ಷಣೆಯ ಕೆಲಸ ಮಾಡುತ್ತಿದ್ದಾನೆಯೇ ಅಥವಾ ಕಾನೂನನ್ನು ಮುರಿಯುತ್ತಿದ್ದಾನೆಯೇ ಎಂಬ ಪ್ರಶ್ನೆಗೆ ಸರಳ ಉತ್ತರವಿಲ್ಲ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದು, ಅಲ್ಲಿನ ಹೈಕೋರ್ಟ್ ನೀಡಿದ್ದ ಸಡಿಲಿಕೆಯನ್ನು ರದ್ದುಪಡಿಸಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ 6 ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿತು.

ಕಾನೂನಿನ ಈ ಬಿಗಿತನ ಅಕಾರಣವೆನ್ನುವಂತಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ವಾಹನಗಳ ಮುಂಭಾಗದ ಬುಲ್ ಬಾರ್‌ಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿದ್ದು ಅವು ಪಾದಚಾರಿಗಳಿಗೂ ಪ್ರಯಾಣಿಕರಿಗೂ ಅಪಾಯಕಾರಿ ಎಂಬ ಕಾರಣಕ್ಕೇ. ರೋಲ್ ಬಾರ್ ಅದೇ ಜಾತಿಯದಲ್ಲ. ಆದರೆ ಕೆಟ್ಟ ರೋಲ್ ಬಾರ್ ಇಲ್ಲದಿರುವುದಕ್ಕಿಂತಲೂ ಅಪಾಯಕಾರಿಯಾಗಬಲ್ಲದು. ಮೋಟಾರು ಕ್ರೀಡೆಯ ಅಂತಾರಾಷ್ಟ್ರೀಯ ನಿಯಮಗಳು ಮುಖ್ಯ ಕಮಾನಿಗೆ ಬೆಸುಗೆ ಗೀಟಿಲ್ಲದ ಉಕ್ಕಿನ ಕೊಳವೆಯನ್ನೇ ಕಡ್ಡಾಯಗೊಳಿಸಿವೆ, 45 ಮಿ.ಮೀ. ವ್ಯಾಸಕ್ಕೆ 2.5 ಮಿ.ಮೀ. ದಪ್ಪ ಬೇಕು. ಕೊಳವೆಯ ಬುಡ ನಿಲ್ಲುವಲ್ಲಿ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತಾರದ ಬಲವರ್ಧಕ ತಗಡು ಇರಬೇಕು. ನೀರಿನ ಜಿ.ಐ. ಪೈಪನ್ನು ಬಾಗಿಸಿ, ತುಕ್ಕು ಹಿಡಿದ ನೆಲದ ತಗಡಿಗೇ ಬೆಸೆದರೆ ಮೊದಲ ಹೊಡೆತಕ್ಕೇ ಅದು ತಗಡನ್ನು ಹರಿದು ಕೆಳಗಿಳಿಯುತ್ತದೆ. ಕಮಾನಿನ ತುದಿಯಿಂದ ಮುಂಗಾಜಿನ ಚೌಕಟ್ಟಿನ ತುದಿಗೆ ದಾರ ಎಳೆದರೆ ಅದು ಕುಳಿತವರ ತಲೆಯ ಮೇಲೆ ಹಾದುಹೋಗಬೇಕು. ತಗ್ಗಾದ ಕಮಾನು ಕೇವಲ ಅಲಂಕಾರ. ಇನ್ನೂ ಒಂದು ಮಾತು. ರ್‍ಯಾಲಿ ಚಾಲಕನ ತಲೆಗೆ ಹೆಲ್ಮೆಟ್ ಇರುತ್ತದೆ, ಸಂತೆಗೆ ಹೊರಟವನಿಗೆ ಇರುವುದಿಲ್ಲ. ಮೆತ್ತೆಯಿಲ್ಲದ ಕೊಳವೆಗೆ ಬರಿತಲೆ ಬಡಿದರೆ ರಕ್ಷಣೆಯೇ ಮಾರಕವಾಗುತ್ತದೆ. ಸೀಟ್ ಬೆಲ್ಟ್ ಧರಿಸದೆ ಹೊರಗೆಸೆಯಲ್ಪಡುವವನಿಗಂತೂ ಎಂತಹ ಕಮಾನೂ ನಿರರ್ಥಕ.

ತಯಾರಕರೇ ಈ ಹೊಣೆ ಹೊತ್ತ ನಿದರ್ಶನಗಳು ಸಾಕಷ್ಟಿವೆ. ಅಮೆರಿಕವು ತೆರೆದ ಕಾರುಗಳನ್ನು ನಿಷೇಧಿಸಬಹುದೆಂಬ ಆತಂಕದ ನಡುವೆ 1965ರಲ್ಲಿ ಪೋರ್ಶೆ ಸಂಸ್ಥೆಯು ಸ್ಥಿರ ಕಮಾನಿನ ಟಾರ್ಗಾ ಮಾದರಿಯನ್ನು ಪ್ರದರ್ಶಿಸಿತು. 1979ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್‌ನ ತೆರೆದ ಮಾದರಿಗೆ ಅದರ ಕಮಾನಿನಿಂದಾಗಿಯೇ ಜರ್ಮನ್ನರು ‘ಸ್ಟ್ರಾಬೆರಿ ಬುಟ್ಟಿ’ ಎಂದು ಅಡ್ಡಹೆಸರಿಟ್ಟರು. 1989ರ ಮರ್ಸಿಡಿಸ್ ಎಸ್‌ಎಲ್ ಕಾರಿನಲ್ಲಿ ಕಮಾನು ಮರೆಯಾಗಿದ್ದು, ಪಲ್ಟಿಯ ಸುಳಿವು ಸಿಕ್ಕೊಡನೆ ಸುಮಾರು 0.3 ಸೆಕೆಂಡಿನಲ್ಲಿ ಮೇಲೇಳುತ್ತಿತ್ತು. ಭಾರತದಲ್ಲಿ 2020ರ ಮಹೀಂದ್ರ ಥಾರ್ ಕಾರ್ಖಾನೆಯಿಂದಲೇ ರೋಲ್ ಕೇಜ್ ಸಹಿತ ಹೊರಬಂದಿತು. ಅಂದರೆ ಹೊಸ ಜೀಪು ಕೊಳ್ಳಬಲ್ಲವನಿಗೆ ದೊರೆಯುವ ರಕ್ಷಣೆ, ಹಳೆಯದನ್ನೇ ನಂಬಿದವನಿಗೆ ಕಾನೂನುಬದ್ಧವಾಗಿ ದೊರೆಯುವುದು ಕಷ್ಟ.

ಇದಕ್ಕೆ ದಾರಿ ಕಾಯ್ದೆಯೊಳಗೇ ಇದೆ. 2019ರ ತಿದ್ದುಪಡಿಯು ಮಾರ್ಪಾಡುಗಳ ವಿಶೇಷಣ ಹಾಗೂ ಅನುಮೋದನೆಯ ಷರತ್ತುಗಳನ್ನು ಗೊತ್ತುಪಡಿಸುವ ಅಧಿಕಾರವನ್ನು 52ನೇ ಕಲಮಿನಲ್ಲಿಯೇ ಕೇಂದ್ರಕ್ಕೆ ನೀಡಿದೆ. ಅನುಮೋದಿತ ಸಿಎನ್‌ಜಿ ಕಿಟ್ ಅಳವಡಿಸಿ ನೋಂದಣಿ ಪತ್ರದಲ್ಲಿ ನಮೂದಿಸುವ ಪದ್ಧತಿ ಈಗಾಗಲೇ ರೂಢಿಯಲ್ಲಿದೆ. ಸ್ಫೋಟಕ ಅನಿಲದ ಸಿಲಿಂಡರಿಗೆ ಸಾಧ್ಯವಾದದ್ದು ಉಕ್ಕಿನ ಕೊಳವೆಗೆ ಏಕಾಗಬಾರದು? ಲೋಹ, ದಪ್ಪ, ಬುಡದ ತಗಡು, ಮೆತ್ತೆ, ಬೆಲ್ಟ್ ಇವಿಷ್ಟನ್ನು ನಿಗದಿಪಡಿಸಿ ಪರೀಕ್ಷಿತ ಕಿಟ್‌ಗಳಿಗೆ ಮಾತ್ರ ಒಪ್ಪಿಗೆ ನೀಡಿದರೆ, ಊರ ಗ್ಯಾರೇಜಿನ ಜಿ.ಐ. ಪೈಪನ್ನು ತಿರಸ್ಕರಿಸಲು ಆರ್‌ಟಿಒ ಅಧಿಕಾರಿಗೂ ಒಂದು ಅಳತೆಗೋಲು ದೊರೆಯುತ್ತದೆ.