ದೊಡ್ಡವ್ವ ಯಾಕೆ ನೀರು ಕುಡಿಯಲ್ಲ?

ಶಿರಾಳಕೊಪ್ಪದಲ್ಲಿ ಬೆಂಗಳೂರಿನ ರಾತ್ರಿ ಬಸ್ ಹತ್ತೋ ವಯಸ್ಸಾದ ಹೆಂಗಸರನ್ನ ಒಮ್ಮೆ ಗಮನಿಸಿ. ಮಧ್ಯಾಹ್ನದಿಂದಲೇ ನೀರು ಬಿಟ್ಟಿರ್ತಾರೆ. ಕೇಳಿದ್ರೆ 'ಬಾಯಾರಿಕೆ ಇಲ್ಲಪ್ಪ' ಅಂತಾರೆ. ನಮ್ಮ ದೊಡ್ಡವ್ವ ಬಸ್ ಹತ್ತೋದನ್ನೇ ಬಿಟ್ಟು ಮೂರು ವರ್ಷ ಆಯ್ತು. ಮೊದಲು ಬೆಂಗಳೂರು ಬಿಟ್ಟರು, ಆಮೇಲೆ ಶಿಕಾರಿಪುರದ ಮದುವೆಗಳು, ಈಗ ಊರೊಳಗಿನ ಗೃಹಪ್ರವೇಶಕ್ಕೂ ಬರಲ್ಲ. ಮನೆಯವರು ಇದಕ್ಕೆ ಮಂಡಿನೋವು ಅಂತ ಹೆಸರಿಟ್ಟಿದ್ದಾರೆ. ಅಸಲಿ ವಿಷಯ ಏನಂದ್ರೆ, ಕೆಮ್ಮಿದರೆ ಸೀರೆ ಒದ್ದೆ ಆಗುತ್ತೆ. ಅವಸರ ಆಯ್ತು ಅಂದ್ರೆ ಹಿತ್ತಲವರೆಗೂ ತಡೆಯೋಕಾಗಲ್ಲ.

ಅವರು ಆಸ್ಪತ್ರೆಗೇ ಹೋಗಿಲ್ಲ ಅಂದುಕೊಳ್ಳಬೇಡಿ. ಬಿಪಿ, ಶುಗರ್ ಮಾತ್ರೆಗೆ ಪ್ರತಿ ತಿಂಗಳೂ ಹೋಗ್ತಾರೆ. ಒಮ್ಮೆ ಧೈರ್ಯ ಮಾಡಿ ಹೇಳಿಯೂ ಹೇಳಿದರಂತೆ, ಹಿಂದೆ ಸಾಲಿನಲ್ಲಿ ಊರಿನ ಗಂಡಸರು ನಿಂತಿರುವಾಗಲೇ. ಬಂದ ಉತ್ತರ: 'ವಯಸ್ಸಾಯ್ತಲ್ಲಮ್ಮ, ಇನ್ನೇನು.' ಅವತ್ತಿನಿಂದ ಮತ್ತೆ ಆ ಮಾತೆತ್ತಿಲ್ಲ.

ನನ್ನ ಸಿಟ್ಟು ಈ ಉತ್ತರದ ಮೇಲೆ. ಎಪ್ಪತ್ತಕ್ಕೆ ಕಣ್ಣಿಗೆ ಪೊರೆ ಬಂದ್ರೆ ಯಾರೂ ವಯಸ್ಸಾಯ್ತು ಅಂತ ವಾಪಸ್ ಕಳಿಸಲ್ಲ. ಕ್ಯಾಂಪ್ ಹಾಕಿ, ಆಪರೇಷನ್ ಮಾಡಿಸಿ, ಫೋಟೊ ಕೂಡ ತೆಗೀತಾರೆ. ಮೂತ್ರ ಸೋರೋದು ವಯಸ್ಸಿನ ಜೊತೆ ಹೆಚ್ಚುತ್ತೆ, ನಿಜ. ಹಾಗಂತ ಕಾರಣ ಇಲ್ಲದೆ ಬರಲ್ಲ. ಮೂತ್ರದ ಸೋಂಕು ಇರಬಹುದು, ಹತೋಟಿಗೆ ಬಾರದ ಶುಗರ್ ಇರಬಹುದು, ಮಲಬದ್ಧತೆ ಇರಬಹುದು. ಗಂಡಸರಾದ್ರೆ ಪ್ರಾಸ್ಟೇಟ್. ನಾಲ್ಕೈದು ಹೆರಿಗೆ ಕಂಡವರಾದ್ರೆ ಮೂತ್ರಕೋಶವನ್ನು ಹಿಡಿದಿಡೋ ಸ್ನಾಯುಗಳು ಸಡಿಲ ಆಗಿರ್ತವೆ. ಕೆಲವೊಮ್ಮೆ ಕಾರಣ ಆ ಚೀಟಿಯಲ್ಲೇ ಇರುತ್ತೆ: ಬಿಪಿಗೆ ಕೊಡೋ ನೀರಿಳಿಸುವ ಮಾತ್ರೆಯನ್ನ ಸಂಜೆ ನುಂಗಿದ್ರೆ ರಾತ್ರಿಯಿಡೀ ಓಡಾಟವೇ. ಕತ್ತಲಲ್ಲಿ ಓಡುವಾಗ ಜಾರಿಬಿದ್ದು ಸೊಂಟ ಮುರಿದ ಮೇಲೆ ಮಾತ್ರ ಎಲ್ಲರೂ ಮಣಿಪಾಲಕ್ಕೆ ಕಾರು ಮಾಡ್ತಾರೆ.

ಇದಕ್ಕೆ ಮೊದಲ ಹಂತದಲ್ಲಿ ಬೇಕಾಗಿರೋದು ಒಂದು ಮೂತ್ರ ಪರೀಕ್ಷೆ, ಶುಗರ್ ಪರೀಕ್ಷೆ, ತಗೊಳ್ತಿರೋ ಮಾತ್ರೆಗಳ ಪಟ್ಟಿ, ಮೂರು ದಿನ ಎಷ್ಟು ಹೊತ್ತಿಗೊಮ್ಮೆ ಹೋದ್ರು ಅನ್ನೋ ಲೆಕ್ಕ. ಎಲ್ಲವೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗೋ ಕೆಲಸ. ಅಮೆರಿಕದ ಡಾಕ್ಟರ್ ಆರ್ನಲ್ಡ್ ಕೆಗೆಲ್ ಈ ಸ್ನಾಯುಗಳ ವ್ಯಾಯಾಮದ ಬಗ್ಗೆ ಬರೆದಿದ್ದು 1948ರಲ್ಲಿ. ಮೂತ್ರ ತಡೆಯುವಾಗ ಬಿಗಿಯಾಗೋ ಸ್ನಾಯುಗಳನ್ನ ಬಿಗಿಹಿಡಿದು ಬಿಡೋದು, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಖರ್ಚು ಸೊನ್ನೆ. ವಯಸ್ಸಾದ ಹೆಂಗಸರಿಗೆ ಇದನ್ನ ಕಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2017ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ನೀರು ಬಿಡೋದಂತೂ ಪರಿಹಾರವೇ ಅಲ್ಲ. ಮೂತ್ರ ಗಟ್ಟಿಯಾಗಿ ಉರಿ ಶುರುವಾಗುತ್ತೆ, ಮಲಬದ್ಧತೆ ಹೆಚ್ಚುತ್ತೆ, ಸೋರೋದೂ ಹೆಚ್ಚುತ್ತೆ.

ನಮ್ಮಲ್ಲಿ ವೃದ್ಧರಿಗೇ ಅಂತ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು 2010-11ರಲ್ಲಿ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಸಿ-ಬ್ಯಾಕ್ ಅನ್ನೋ ಫಾರ್ಮ್ ತುಂಬಿಸ್ತಾರೆ. ಅದರಲ್ಲಿ 60 ದಾಟಿದವರ ಭಾಗ ನೋಡಿ. ನಡೆಯುವಾಗ ತೂಗಾಡ್ತೀರಾ, ಊಟಕ್ಕೆ, ಸ್ನಾನಕ್ಕೆ, ಶೌಚಾಲಯಕ್ಕೆ ಬೇರೆಯವರ ಸಹಾಯ ಬೇಕಾ, ಮನೆಯವರ ಹೆಸರು ಮರೆಯುತ್ತಾ... ಎಲ್ಲ ಇದೆ. ಮೂತ್ರ ಸೋರುತ್ತಾ ಅನ್ನೋ ಪ್ರಶ್ನೆ ಇಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿರೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ: ಟಿಕೆಟ್ ಇಲ್ಲ ಅಂದ್ರೆ ಬಗ್ ಇಲ್ಲ, ಬಗ್ ಇಲ್ಲ ಅಂದ್ರೆ ಬಜೆಟ್ಟೂ ಇಲ್ಲ.

ಡಾಕ್ಟರಿಗೆ ಟೈಮ್ ಎಲ್ಲಿದೆ ಅಂತೀರಾ? ಒಪ್ಪಿದೆ. ಆದ್ರೆ ಇದನ್ನ ಕೇಳೋಕೆ ಡಾಕ್ಟರೇ ಬೇಕಿಲ್ಲ. ಬಿಪಿ ನೋಡೋ ಸಿಸ್ಟರ್ ಕೇಳಬಹುದು, ಬಾಗಿಲು ಮುಂದೆ ಮಾಡಿ, ಅರ್ಧ ನಿಮಿಷದಲ್ಲಿ.

ಇನ್ನು ನಾವು. ಸ್ಯಾನಿಟರಿ ಪ್ಯಾಡ್ ಮೇಲಿನ ಜಿಎಸ್‌ಟಿ ತೆಗೀರಿ ಅಂತ ಪೋಸ್ಟ್ ಹಾಕಿದ ತಲೆಮಾರು ನಮ್ಮದು. 2018ರಲ್ಲಿ ತೆಗೆದರು, ಖುಷಿಪಟ್ವಿ. ಅದೇ ನಾವು ಅಮ್ಮಂದಿರ ವಿಷಯ ಬಂದ್ರೆ ಆನ್‌ಲೈನಲ್ಲಿ ಡೈಪರ್ ಬುಕ್ ಮಾಡಿ ಮುಗಿಸ್ತೀವಿ. ಹಾಸಿಗೆ ಹಿಡಿದವರಿಗೆ ಅದು ಬೇಕೇ ಬೇಕು. ಓಡಾಡಿಕೊಂಡಿರೋರಿಗೆ ಪರೀಕ್ಷೆಯೇ ಇಲ್ಲದೆ ಡೈಪರ್ ಕಳಿಸೋದು, 'ವಯಸ್ಸಾಯ್ತಲ್ಲಮ್ಮ' ಅನ್ನೋ ಮಾತನ್ನೇ ಕೊರಿಯರ್ ಮಾಡಿದ ಹಾಗೆ. ಆ ದುಡ್ಡಲ್ಲಿ ಮಲಗೋ ಕೋಣೆ ಪಕ್ಕ ಒಂದು ಕಮೋಡು, ದಾರಿಗೊಂದು ಲೈಟು, ಗೋಡೆಗೊಂದು ಹಿಡಿಕೆ ಹಾಕಿಸಿ.

ಈ ಸಲ ಊರಿಗೆ ಹೋದಾಗ, ಗಂಡುಮಕ್ಕಳಾದ್ರೆ ಅಕ್ಕನನ್ನೋ ಹೆಂಡತಿಯನ್ನೋ ಜೊತೆಗೆ ಕೂರಿಸಿಕೊಂಡು ಕೇಳಿ: 'ಅವ್ವಾ, ನಕ್ಕಾಗ, ಕೆಮ್ಮಿದಾಗ, ಅವಸರ ಆದಾಗ ಒಂದಕ್ಕೆ ತಡೆಯೋಕಾಗುತ್ತಾ?' ಅಪ್ಪನ್ನೂ ಕೇಳಿ. ಆಗಲ್ಲ ಅಂದ್ರೆ ಅವರ ಮಾತ್ರೆಗಳ ಪಟ್ಟಿಯನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಮೂತ್ರದಲ್ಲಿ ರಕ್ತ ಕಂಡ್ರೆ, ಮೂತ್ರ ಕಟ್ಟಿಕೊಂಡ್ರೆ, ಇದರ ಜೊತೆಗೇ ಕಾಲಲ್ಲಿ ಬಲ ಇಲ್ಲ ಅಂದ್ರೆ ಅವತ್ತೇ ದೊಡ್ಡಾಸ್ಪತ್ರೆಗೆ. ಯಾರಾದ್ರೂ 'ವಯಸ್ಸಾಯ್ತು' ಅಂದ್ರೆ, ಮೂತ್ರ ಪರೀಕ್ಷೆಗೆ ಬರೆದುಕೊಡಿ ಸಾರ್ ಅಂತ ಕೇಳಿ, ಬರೆದುಕೊಡೋವರೆಗೂ ಕುರ್ಚಿಯಿಂದ ಏಳಬೇಡಿ.